ಲ್ಯೂಸಿಲ್ ಬಾಲ್ ಈಗ ಲಾಸ್ ಏಂಜಲೀಸ್‌ನಲ್ಲಿಲ್ಲ

ಲಾಸ್ ಏಂಜಲೀಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಎಷ್ಟು ಸುತ್ತಿದರೂ 'ಐ ಲವ್ ಲೂಸಿ' ಅನ್ನೋ ಹಳೆಯ ಅಮೆರಿಕನ್ ಟಿವಿ ಹಾಸ್ಯ ಧಾರಾವಾಹಿಯ ನಟಿ ಲ್ಯೂಸಿಲ್ ಬಾಲ್ ಸಮಾಧಿ ಸಿಗಲಿಲ್ಲ ಅಂದಿರಲ್ಲ, ಬಹುಶಃ ಹಳೆಯ ಪಟ್ಟಿ ಹಿಡಿದು ಹೋಗಿದ್ದೀರಿ. 1989ರಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮ ಇಟ್ಟಿದ್ದು ಅಲ್ಲೇ, ಹಾಲಿವುಡ್ ಹಿಲ್ಸ್‌ನಲ್ಲಿ. 2000ದ ದಶಕದ ಆರಂಭದಲ್ಲಿ ಮಕ್ಕಳು ಅದನ್ನು ಅವರ ಹುಟ್ಟೂರಿಗೆ, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನ ಲೇಕ್ ವ್ಯೂ ಸ್ಮಶಾನಕ್ಕೆ ಒಯ್ದರು.

ಹೋಗಲೇಬೇಕು ಅಂದರೆ ಬಫಲೋವರೆಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಸ್ಮಶಾನದ ಆಫೀಸಿನಲ್ಲಿ ಹಂಟ್ ಕುಟುಂಬದ ಜಾಗ ಯಾವುದು ಅಂತ ಕೇಳಿ. ಅದು ಅವರ ತಾಯಿಯ ತವರು ಮನೆತನ. ಕಲ್ಲಿನ ಮೇಲೆ ಹೆಸರಿನ ಕೊನೆಗೆ ಮಾರ್ಟನ್ ಅಂತಿರುತ್ತದೆ. ಎರಡನೇ ಗಂಡನ ಹೆಸರು, ಬೇರೆ ಯಾರದೋ ಅಂದುಕೊಂಡು ಮುಂದೆ ಹೋಗಬೇಡಿ. ಚಳಿಗಾಲವಂತೂ ಬೇಡ, ಏರಿ ಸರೋವರದ ಕಡೆಯ ಹಿಮ ಕಲ್ಲುಗಳನ್ನೇ ಮುಚ್ಚಿಬಿಡುತ್ತದೆ.

ಧಾರಾವಾಹಿಯಲ್ಲಿ ಅವರ ಜೊತೆ ನಟಿಸಿದ ಡೆಸಿ ಅರ್ನಾಜ್, ವಿವಿಯನ್ ವ್ಯಾನ್ಸ್ ಇಬ್ಬರಿಗೂ ಸಮಾಧಿ ಇಲ್ಲ, ಬೂದಿ ವಿಸರ್ಜಿಸಿದ್ದಾರೆ. ಹುಡುಕಿ ಕಾಲು ಸವೆಸಬೇಡಿ. ಅದರಲ್ಲೇ ಫ್ರೆಡ್ ಪಾತ್ರ ಮಾಡಿದ ವಿಲಿಯಂ ಫ್ರಾಲಿ ಮಾತ್ರ ನೀವಿರುವ ಊರಲ್ಲೇ ಇದ್ದಾರೆ: ಮಿಷನ್ ಹಿಲ್ಸ್‌ನ ಸ್ಯಾನ್ ಫರ್ನಾಂಡೊ ಮಿಷನ್ ಸ್ಮಶಾನ. ವಾಪಸ್ ಹೊರಡುವ ಮೊದಲು ಅದೊಂದನ್ನು ನೋಡಿಕೊಂಡು ಬನ್ನಿ.