ಡ್ಯೂಟಿ ಮುಗಿದರೂ ಮೂರೂವರೆಗೆ ಎಚ್ಚರ

ಅವರಿಗೆ 60 ವರ್ಷ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು, ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದವರು ಹೆಂಡತಿ.

"ಮೇಡಂ, ಇವರು ಈಗಲೂ ಮೂರೂವರೆಗೆ ಏಳ್ತಾರೆ. ಶೇವ್ ಮಾಡಿ, ಸ್ನಾನ ಮಾಡಿ ಸೋಫಾ ಮೇಲೆ ಕೂತ್ಕೋತಾರೆ. ಹೋಗೋಕೆ ಬಸ್ಸೇ ಇಲ್ಲ."

ಇನ್ನೊಂದು ದೂರು ಅಡುಗೆಮನೆಯದು. ಗ್ಯಾಸ್ ಯಾಕೆ ಜೋರಾಗಿದೆ, ಕೊತ್ತಂಬರಿ ಯಾಕೆ ಇಷ್ಟು ತಂದೆ, ಫೋನಲ್ಲಿ ಯಾರು? "ಮನೆಗೆ ಚೆಕಿಂಗ್‌ನವರು ಬಂದ ಹಾಗಾಗಿದೆ." ಅದಕ್ಕೆ ಅವರಿಗೂ ನಗು ಬಂತು.

ಊಟ ಸೇರುತ್ತಾ, ಕುಡಿತ ಇದೆಯಾ, ಬದುಕೋದೇ ಬೇಡ ಅನ್ನಿಸಿದೆಯಾ ಎಂದು ಕೇಳಿದೆ. ಕೊನೆಯದನ್ನು ಸುತ್ತಿಬಳಸದೆ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅನ್ನೋದು ತಪ್ಪು. "ಅಷ್ಟಕ್ಕೆ ಹೋಗಿಲ್ಲ" ಎಂದರು. ಮೊಮ್ಮಗಳು ಬಂದರೆ ಖುಷಿಯೂ ಇತ್ತು. ಹಾಗಲ್ಲದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. (ಅಂಥ ಯೋಚನೆ ಬರುತ್ತಿರುವವರು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.)

ಆಮೇಲೆ ನಾನೊಂದು ಎಡವಟ್ಟು ಮಾಡಿದೆ. ವಾಕಿಂಗ್, ಕೈತೋಟ, ಭಜನೆ ಅಂತ ಶುರು ಮಾಡಿಬಿಟ್ಟೆ. "ಸೆಂಡಾಫ್ ದಿನ ಎಲ್ಲರೂ ಇದನ್ನೇ ಹೇಳಿದ್ರು ಮೇಡಂ" ಎಂದರು. ಬಾಯಿ ಮುಚ್ಚಿಕೊಂಡು, ಕೊನೆಯ ದಿನ ಹೇಗಿತ್ತು ಹೇಳಿ ಎಂದೆ.

ಆಗ ಮಾತು ಬಂತು. ಡಿಪೋದಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ. ಆದರೆ ಅವತ್ತು ಗಾಡಿ ಓಡಿಸಿರಲಿಲ್ಲ. ಕಡೆಯ ಟ್ರಿಪ್ ಹಿಂದಿನ ವಾರವೇ ಮುಗಿದಿತ್ತು. ಅದೇ ಕಡೆಯದು ಅಂತ ಗೊತ್ತಿರಲಿಲ್ಲ. "ಶಿರಾಡಿ ಘಾಟಿ ಇಳಿಯುವಾಗ ಸರಿಯಾಗಿ ನೋಡಲೇ ಇಲ್ಲ." ಹೇಳುತ್ತಿದ್ದಾಗ ಅವರ ಬಲಗಾಲು ಮೆಲ್ಲಗೆ ನೆಲ ಒತ್ತುತ್ತಿತ್ತು. ಬ್ರೇಕ್!

1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ, ಒಗ್ಗಿಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ತಕ್ಕಂತೆ ಅಂಕ ಕೊಟ್ಟಿದ್ದರು. ಸಂಗಾತಿಯ ಸಾವಿಗೆ 100, ಮದುವೆಗೆ 50, ನಿವೃತ್ತಿಗೆ 45. ನಾನು ಈ ಅಂಕಗಳನ್ನು ಜಾಸ್ತಿ ನೆಚ್ಚಿಕೊಳ್ಳುವುದಿಲ್ಲ. ಆದರೂ ಅವರಿಗೆ ತೋರಿಸಿದೆ. "ಸುಮ್ನೆ ಕೂತು ತಿನ್ನೋಕೆ ಏನು ಕಷ್ಟ" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರಲ್ಲ, ಅದು ನಿಲ್ಲಲಿ ಅಂತ.

ನನ್ನ ಗಮನ ಜಾಸ್ತಿ ಹೋದದ್ದು ಹೆಂಡತಿಯ ಕಡೆಗೆ. ವಾರಕ್ಕೆ ಮೂರು ರಾತ್ರಿ ನೈಟ್ ಹಾಲ್ಟ್ ಇದ್ದ ಗಂಡ. ಮಕ್ಕಳ ಜ್ವರ, ಫೀಸು, ಬ್ಯಾಂಕು ಎಲ್ಲ ಆಕೆಯ ತಲೆ ಮೇಲೆ. ಆ ಮನೆಯ ಶೆಡ್ಯೂಲಿನಲ್ಲಿ ಹಗಲು ಹೊತ್ತು ಅವರಿಗೆ ಜಾಗವೇ ಇರಲಿಲ್ಲ. ನಿವೃತ್ತಿ ಇಬ್ಬರಿಗೂ ಆಗಿತ್ತು, ಶಾಲು ಹೊದಿಸಿದ್ದು ಒಬ್ಬರಿಗೆ.

ನಿದ್ದೆಗೆ ಹೇಳಿದ್ದು ಇಷ್ಟು: ಒಮ್ಮೆಗೇ ಆರಕ್ಕೆ ಏಳಲು ಹೋಗಬೇಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಮಲಗುವುದನ್ನೂ ಏಳುವುದನ್ನೂ ಕಾಲು ಗಂಟೆ ತಡ ಮಾಡಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ಬೆಳಗ್ಗೆ 9ರಿಂದ 12 ಅಡುಗೆಮನೆ ಆಕೆಯದು, ಅವರು ಒಳಗೆ ಕಾಲಿಡುವಂತಿಲ್ಲ. ಬದಲಿಗೆ ಒಂದು ಕೆಲಸ ಪೂರ್ತಿ ಅವರದೇ, ಅದಕ್ಕೆ ಆಕೆ ಹೆಸರಿಡುವಂತಿಲ್ಲ. ಅವರು ಬೆಳಗಿನ ಕಾಫಿ ಆರಿಸಿಕೊಂಡರು. ಕೊನೆಯದಾಗಿ, ಹಳೇ ರೂಟಿನಲ್ಲಿ ಇಬ್ಬರೂ ಪ್ರಯಾಣಿಕರಾಗಿ ಹೋಗಿಬನ್ನಿ, ಆ ಘಾಟಿಯನ್ನು ಕಣ್ತುಂಬ ನೋಡಿಕೊಂಡು ಬನ್ನಿ ಎಂದೆ.

ಮೂರನೇ ಭೇಟಿಗೆ ಬಂದಾಗ ಅವರು ಐದಕ್ಕೆ ಏಳುತ್ತಿದ್ದರು. ಡಿಕಾಕ್ಷನ್ ಇನ್ನೂ ನೀರುನೀರಾಗಿದೆಯಂತೆ, ಆದರೆ ಆಕೆ ಹೆಸರಿಟ್ಟಿಲ್ಲ. ಬಸ್ಸಿನಲ್ಲೂ ಹೋಗಿಬಂದಿದ್ದರು. ಆಕೆಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಅವರು ದುಡ್ಡು ಕೊಟ್ಟು ತೆಗೆದುಕೊಂಡರು.

"ಘಾಟಿ ನೋಡಿದ್ರಾ?" ಎಂದೆ.

ಹೆಂಡತಿಯೇ ಹೇಳಿದರು: "ಘಾಟಿ ಶುರುವಾಗೋ ದೋಣಿಗಾಲ್‌ವರೆಗೆ ಕಾಲಲ್ಲಿ ಬ್ರೇಕ್ ಹೊಡೀತಾನೇ ಇದ್ರು. ಆಮೇಲೆ ನಿದ್ದೆ ಹೋದ್ರು ಮೇಡಂ. ಘಾಟಿ ಇಳಿದು ಗುಂಡ್ಯ ಬಂದ ಮೇಲೆ ನಾನೇ ಎಬ್ಬಿಸಿದೆ."