ಮದುವೆ ಕ್ಯಾಸೆಟ್ ಡಿವಿಡಿಗೆ: ಚಿತ್ರ ಬಾಗುವುದು, ದನಿ ಹಿಂದೆ ಬೀಳುವುದು

ಮದುವೆಯ 3 ಗಂಟೆ ವಿಡಿಯೋ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸುವಾಗ ಚಿತ್ರದ ಮೇಲಂಚು ಬಾಗುತ್ತದೆ, ದನಿ ಹಿಂದೆ ಬೀಳುತ್ತದೆ ಎಂದು ಕೇಳಿದ್ದೀರಿ. ಎರಡಕ್ಕೂ ಕಾರಣ ಬಹುಶಃ ಒಂದೇ. ವಿಸಿಆರ್‌ನಿಂದ (ಕ್ಯಾಸೆಟ್ ಓಡಿಸುವ ಯಂತ್ರ) ಬರುವ ಸಿಗ್ನಲ್‌ನ ಟೈಮಿಂಗ್ ಸ್ಥಿರವಾಗಿಲ್ಲ. ಹಳೇ ಟಿವಿ ಅದನ್ನು ಹೇಗೋ ಸುಧಾರಿಸಿಕೊಳ್ಳುತ್ತದೆ. ನಿಮ್ಮ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ (ವಿಸಿಆರ್ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಪುಟ್ಟ ಸಾಧನ) ಫ್ರೇಮ್‌ಗಳನ್ನೇ, ಅಂದರೆ ಬಿಡಿ ಚಿತ್ರಗಳನ್ನೇ, ಬಿಟ್ಟುಬಿಡುತ್ತದೆ, ಅದಕ್ಕೇ ದನಿ ಹಿಂದೆ ಬೀಳುತ್ತದೆ.

ಮೊದಲು ಕ್ಯಾಸೆಟ್‌ನ ಮುಚ್ಚಳ ಎತ್ತಿ ಟೇಪಿನ ಅಂಚು ನೋಡಿ. ಬಿಳಿ ಪುಡಿ ಕಂಡರೆ ಅದು ಬೂಷ್ಟು, ಕ್ಲೀನ್ ಮಾಡಿಸದೆ ಹಾಕಲೇಬೇಡಿ. ವಿಸಿಆರ್‌ನ ಹೆಡ್ಡೂ (ಟೇಪ್ ಓದುವ ಭಾಗ) ಕೊಳೆಯಾಗುತ್ತದೆ, ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ.

ಟೇಪ್ ಚೆನ್ನಾಗಿದ್ದರೆ ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲಿ ಪ್ಯಾಲ್ (ಭಾರತದ ಹಳೇ ಟಿವಿ ಪದ್ಧತಿ), 720×576, ಸೆಕೆಂಡಿಗೆ 25 ಫ್ರೇಮ್ ಇದೆಯೇ ನೋಡಿ. ಎನ್‌ಟಿಎಸ್‌ಸಿ (ಅಮೆರಿಕದ ಹಳೇ ಟಿವಿ ಪದ್ಧತಿ) ಇದ್ದರೆ ಬಣ್ಣವೇ ಹೋಗಬಹುದು. ವಿಸಿಆರ್‌ನ ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿಗೆ ಸರಿಹೊಂದಿಸುವ ಗುಂಡಿ) ಕೂಡ ಸ್ವಲ್ಪ ತಿರುಗಿಸಿ.

ಆಗಲೂ ಬಾಗಿದರೆ ಇನ್ನೊಂದು ಡಾಂಗಲ್‌ಗೆ ದುಡ್ಡು ಸುರಿಯಬೇಡಿ. ಎವಿ ಇನ್‌ಪುಟ್ ಇರುವ ಸೆಕೆಂಡ್ ಹ್ಯಾಂಡ್ ಡಿವಿಡಿ ರೆಕಾರ್ಡರ್ ಹುಡುಕಿ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರ್ ಅದಕ್ಕೆ, ಅದರ ಔಟ್‌ಪುಟ್ ಡಾಂಗಲ್‌ಗೆ. ಕೆಲವು ರೆಕಾರ್ಡರ್‌ಗಳು ಸಿಗ್ನಲ್ ಸರಿಮಾಡಿ ಕಳಿಸುತ್ತವೆ, ಎಲ್ಲವೂ ಅಲ್ಲ. ಅದಕ್ಕೇ ಕೊಳ್ಳುವ ಮುಂಚೆ ನಿಮ್ಮದೇ ವಿಸಿಆರ್, ಕ್ಯಾಸೆಟ್ ಒಯ್ದು ಜೋಡಿಸಿ ನೋಡಿ.

ಕಂಪ್ಯೂಟರ್ ರಗಳೆಯೇ ಬೇಡವೆಂದರೆ ಆ ರೆಕಾರ್ಡರ್‌ನಲ್ಲೇ ನೇರವಾಗಿ ಡಿಸ್ಕ್ ಮಾಡಬಹುದು. 4.7 ಜಿಬಿ ಡಿಸ್ಕ್‌ಗೆ ಎಸ್‌ಪಿ ಮೋಡ್‌ನಲ್ಲಿ (ಸಾಮಾನ್ಯ ಗುಣಮಟ್ಟ) ಸುಮಾರು 2 ಗಂಟೆ. ನಿಮ್ಮ 3 ಗಂಟೆ ಕ್ಯಾಸೆಟ್ ಒಂದರಲ್ಲೇ ತುರುಕಿದರೆ ಮುಹೂರ್ತದ ಮುಖಗಳೆಲ್ಲ ಚೌಕ ಚೌಕವಾದಾವು, ಎರಡು ಡಿಸ್ಕ್ ಮಾಡಿ. ಕೊನೆಗೆ ಫೈನಲೈಸ್ ಒತ್ತಿ, ಇಲ್ಲದಿದ್ದರೆ ಬೇರೆ ಪ್ಲೇಯರ್‌ನಲ್ಲಿ ಓಡದಿರಬಹುದು.