ಗೋಡೆಯೊಳಗಿನ ಹಳೇ ಪೈಪು: ತೇಪೆ ಹಾಕೋದಾ, ಪೂರ್ತಿ ಬದಲಾಯಿಸೋದಾ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನಲ್ಲಿ ಅಪ್ಪ 1983ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಪೈಪೆಲ್ಲ ಜಿಐ, ಎಲ್ಲವೂ ಗೋಡೆಯ ಒಳಗೇ ಇವೆ. ಎರಡು ವರ್ಷದಲ್ಲಿ ಮೂರು ಸಲ ಸೋರಿದೆ. ಪ್ರತಿ ಸಲವೂ ಪ್ಲಂಬರ್ ಬಂದು ಗೋಡೆ ಒಡೆದು, ಒಂದೆರಡು ಅಡಿ ಹೊಸ ಪೈಪ್ ಸೇರಿಸಿ ಹೋಗುತ್ತಾರೆ. ಈಗ ಅಡುಗೆಮನೆ ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತಿದೆ. ಪೂರ್ತಿ ಬದಲಾಯಿಸಿಬಿಡೋಣ ಅಂತಾನೆ ಮಗ. ಮನೆಯೆಲ್ಲ ಒಡೆದು ಹಾಕಬೇಕಲ್ಲ ಅಂತ ನನಗೆ ಭಯ. ಏನು ಮಾಡಲಿ?
ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಮೇಷ್ಟ್ರೇ, ನಿಮ್ಮ ಮಗ ಹೇಳೋದು ಸರಿ. ಆದರೆ ಮನೆ ಒಡೆಯಬೇಕಾಗಿಲ್ಲ. ಹಳೇ ಪೈಪನ್ನು ಗೋಡೆಯೊಳಗೇ ಬಿಟ್ಟುಬಿಡಿ. ಹೊಸ ಲೈನನ್ನು ಗೋಡೆಯ ಹೊರಗಡೆಯಿಂದ ತನ್ನಿ.

ಮೊದಲು ಒಳಗೆ ಏನಾಗಿದೆ ಅಂತ ಹೇಳುತ್ತೇನೆ. ಜಿಐ ಅಂದರೆ ಕಬ್ಬಿಣದ ಪೈಪಿಗೆ ಸತುವಿನ ಲೇಪ. ಕಬ್ಬಿಣದ ಬದಲು ಸತು ತಾನೇ ಕರಗುತ್ತಾ ಹೋಗುತ್ತದೆ, ಅದರ ಕೆಲಸವೇ ಅದು. ಆ ಲೇಪ ಮುಗಿದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಒಳಗಡೆ ಗಂಟು ಗಂಟಾಗಿ ಬೆಳೆಯುತ್ತದೆ. ನಮ್ಮ ತಾಯಿಯ ಮನೆಯಲ್ಲಿ ಪೈಪ್ ಬದಲಾಯಿಸಿದಾಗ ಕತ್ತರಿಸಿದ ಒಂದು ಗೇಣುದ್ದದ ತುಂಡನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಹೊರಗಿನಿಂದ ನೋಡಿದರೆ ಇನ್ನೂ ಗಟ್ಟಿಯಾಗಿಯೇ ಇದೆ. ಒಳಗೆ ಕಣ್ಣಿಟ್ಟರೆ ಕೆಂಪು ಕಪ್ಪು ಗಂಟುಗಳ ಮಧ್ಯೆ ಒಂದು ಪೆನ್ಸಿಲ್ ಕೂಡ ಸಲೀಸಾಗಿ ತೂರಲ್ಲ. ಅದು ಅರ್ಧ ಇಂಚಿನ ಪೈಪು! ನಿಮ್ಮ ಅಡುಗೆಮನೆ ನಲ್ಲಿ ನೂಲಿನ ಹಾಗೆ ಬರೋದು ಇದಕ್ಕೇ. ನಲ್ಲಿ ಬದಲಾಯಿಸಿದರೆ ಸರಿಹೋಗಲ್ಲ.

ಇನ್ನು ಸೋರುವ ಜಾಗ. ಸಾಮಾನ್ಯವಾಗಿ ಸೋರೋದು ಎಲ್ಬೋ, ಟೀ, ಸಾಕೆಟ್ ಹತ್ತಿರ, ಅಂದರೆ ಎರಡು ಪೈಪು ಸೇರಿಸೋಕೆ ಥ್ರೆಡ್ ಹಾಕಿದ ಕಡೆ. ಮಧ್ಯಮ ದರ್ಜೆಯ, ನೀಲಿ ಪಟ್ಟೆ ಇರುವ ಅರ್ಧ ಇಂಚಿನ ಜಿಐ ಪೈಪಿನ ದಪ್ಪ 2.6 ಮಿ.ಮೀ. ಥ್ರೆಡ್ ಕೊರೆದಾಗ ಅದರಲ್ಲಿ 1.1 ಮಿ.ಮೀ. ಮೇಲೆ ಹೋಗಿಬಿಡುತ್ತದೆ, ಜೊತೆಗೆ ಅಲ್ಲಿನ ಸತುವೂ ಹೋಗುತ್ತದೆ. ಹಾಗಾಗಿ ಮೊದಲು ತೂತಾಗೋದು ಅಲ್ಲೇ.

ತೇಪೆ ಹಾಕುವುದು ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ, ಇದನ್ನು ತುಂಬ ಜನ ಹೇಳಲ್ಲ. ಹಳೇ ತುಕ್ಕು ಹಿಡಿದ ಪೈಪಿಗೆ ಹೊಸ ಜಿಐ ತುಂಡು ಸೇರಿಸಿದರೆ ಆ ಹೊಸ ತುಂಡೇ ಬೇಗ ಸವೆಯುತ್ತದೆ. ಬ್ಯಾಟರಿಯಲ್ಲಿ ಆಗುವ ಹಾಗೆ ಎರಡರ ನಡುವೆ ಸಣ್ಣ ವಿದ್ಯುತ್ ಹರಿದು, ಹೊಸ ಸತು ಹಳೇ ಕಬ್ಬಿಣಕ್ಕಾಗಿ ಕರಗುತ್ತದೆ. ಅದೂ ಅಲ್ಲದೆ ರೆಂಚ್ ಹಾಕಿ ತಿರುಗಿಸುವಾಗ ಆ ಕಡೆಯ ಹಳೇ ಜಾಯಿಂಟ್ ಅಲುಗಾಡಿ, ಎರಡು ತಿಂಗಳ ಮೇಲೆ ಅಲ್ಲಿ ಸೋರೋಕೆ ಶುರುವಾಗುತ್ತದೆ. ನಿಮಗೆ ಮೂರು ಸಲ ಆಗಿರುವುದು ಬಹುಶಃ ಹೀಗೇ. ಪ್ಲಂಬರ್ ಕೆಲಸ ಕೆಟ್ಟದು ಅಂತಲ್ಲ, ಪೈಪಿನ ಆಯಸ್ಸೇ ಮುಗಿದಿದೆ.

ಈಗ ಹೊಸ ಲೈನಿನ ವಿಷಯ. ಟ್ಯಾಂಕಿನಿಂದ ಹೊರಗೋಡೆಯ ಮೇಲೆ ಇಳಿಸಿ, ಅಡುಗೆಮನೆ ಮತ್ತು ಬಚ್ಚಲಿನ ನೇರಕ್ಕೆ ಬಂದಾಗ ಗೋಡೆಗೆ ಒಂದೊಂದೇ ತೂತು ಕೊರೆದು ಒಳಗೆ ತನ್ನಿ. ಟೈಲ್ಸ್ ಒಡೆಯುವ ಕೆಲಸ ತುಂಬ ಕಡಿಮೆ ಆಗುತ್ತದೆ. ಹಳೇ ಲೈನನ್ನು ಟ್ಯಾಂಕ್ ಕಡೆಯೂ ನಲ್ಲಿ ಕಡೆಯೂ ಕತ್ತರಿಸಿ, ನೀರು ಪೂರ್ತಿ ಬಸಿದು, ಎಂಡ್ ಕ್ಯಾಪ್ ಹಾಕಿ ಮುಚ್ಚಿಸಿ. ನೋಡೋಕೆ ಚೆನ್ನಾಗಿರಲ್ಲ ಅಂತ ಕೆಲವರು ಬೇಡ ಅಂತಾರೆ. ನನ್ನ ಮಟ್ಟಿಗೆ ಕಣ್ಣಿಗೆ ಕಾಣುವ ಪೈಪೇ ಒಳ್ಳೇ ಪೈಪು. ಸೋರಿದರೆ ಅದೇ ದಿನ ಗೊತ್ತಾಗುತ್ತದೆ. ಗೋಡೆ ಒಳಗಿನದು ಸೋರಿದರೆ ಪಕ್ಕದ ಕೋಣೆಯ ಬಣ್ಣ ಉಬ್ಬಿ, ಬೀರುವಿನ ಹಿಂದೆ ಬೂಷ್ಟು ಬಂದ ಮೇಲೆ ಗೊತ್ತಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಅದು ಮಳೆಯ ತೇವವೋ ಪೈಪಿನ ತೇವವೋ ಅಂತ ಹೇಳೋದೇ ಕಷ್ಟ, ಅಲ್ವಾ?

ಯಾವ ಪೈಪು? ಬಿಸಿ ತಣ್ಣೀರು ಎರಡಕ್ಕೂ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು ಹಾಕಿಸಿ. ತಿಳಿ ಹಳದಿ ಬಣ್ಣದ್ದು, ಮೇಲೆ ಐಎಸ್ 15778 ಅಂತ ಅಚ್ಚಾಗಿರಬೇಕು. ಆದರೆ ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಅರ್ಧ ಇಂಚಿನ ಜಿಐ ಪೈಪಿನ ಒಳ ಅಗಲ ಸುಮಾರು 16 ಮಿ.ಮೀ. ಅರ್ಧ ಇಂಚಿನ ಸಿಪಿವಿಸಿಯದು ಸುಮಾರು 12 ಮಿ.ಮೀ. ಮಾತ್ರ. ಹೆಸರು ಒಂದೇ, ಆದರೆ ನೀರು ಹರಿಯುವ ಜಾಗ ಸುಮಾರು 60 ಪರ್ಸೆಂಟ್ ಅಷ್ಟೇ. ಅರ್ಧ ಇಂಚು ಇದ್ದ ಕಡೆಯೆಲ್ಲ ಅರ್ಧ ಇಂಚನ್ನೇ ಹಾಕಿಸಿ, ಆಮೇಲೆ ಹೊಸ ಪೈಪಲ್ಲೂ ನೀರು ಬರಲ್ಲ ಅಂತ ಬೇಜಾರು ಮಾಡಿಕೊಂಡವರು ಎಷ್ಟೋ ಜನ. ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಎತ್ತರ ಇದ್ದರೆ ಸಿಗುವ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಬರೀ 0.3 ಕೆ.ಜಿ. ಅಷ್ಟು ಕಡಿಮೆ ಒತ್ತಡಕ್ಕೆ ದೊಡ್ಡ ಪೈಪೇ ಬೇಕು. ಟ್ಯಾಂಕಿನಿಂದ ಇಳಿಯುವುದು ಒಂದೂಕಾಲು ಇಂಚು, ಕನಿಷ್ಠ ಒಂದಿಂಚು. ಅಡುಗೆಮನೆ, ಬಚ್ಚಲಿಗೆ ಹೋಗುವ ಕವಲು ಮುಕ್ಕಾಲು ಇಂಚು. ಕೊನೇ ಒಂದೆರಡು ಅಡಿ ಮಾತ್ರ ಅರ್ಧ ಇಂಚು. ಪ್ರತಿ ಕವಲಿಗೂ ಒಂದು ಬಾಲ್ ವಾಲ್ವ್ ಹಾಕಿಸಿ. ಬಚ್ಚಲಲ್ಲಿ ರಿಪೇರಿ ಬಂದಾಗ ಅಡುಗೆಮನೆಗೆ ನೀರು ನಿಲ್ಲಬಾರದು.

ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಪೈಪನ್ನು ನೇರ ಕತ್ತರಿಸಿ ಒಳಗಿನ ಸಿಬಿರು ಕೆರೆದು ತೆಗೆಯಬೇಕು. ಸಲ್ಯೂಷನ್ (ಪೈಪ್ ಅಂಟಿಸುವ ಅಂಟು) ಹಚ್ಚಿ ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಈ ಅರ್ಧ ನಿಮಿಷ ಹಿಡಿಯುವುದನ್ನೇ ಅವಸರದಲ್ಲಿ ಬಿಟ್ಟುಬಿಡುತ್ತಾರೆ, ಆಗ ಪೈಪ್ ಸದ್ದಿಲ್ಲದೆ ಹಿಂದಕ್ಕೆ ಜಾರುತ್ತದೆ. ಚಳಿ ಮತ್ತು ತೇವ ಇದ್ದಾಗ ಸಲ್ಯೂಷನ್ ಗಟ್ಟಿಯಾಗೋಕೆ ಜಾಸ್ತಿ ಹೊತ್ತು ಬೇಕು, ಆದ್ದರಿಂದ ನಿಮ್ಮ ಊರಲ್ಲಿ ಅದೇ ದಿನ ಸಂಜೆಗೇ ನೀರು ಬಿಡೋ ಅವಸರ ಬೇಡ, ಮಾರನೇ ದಿನದ ತನಕ ಬಿಡಿ. ನಲ್ಲಿ ಕೂರುವ ಜಾಗಕ್ಕೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋನೇ ಬೇಕು. ಪ್ಲಾಸ್ಟಿಕ್ ಥ್ರೆಡ್ ಆದರೆ ನಲ್ಲಿ ಬಿಗಿ ಮಾಡುವಾಗಲೇ ಸೀಳು ಬಿಡುತ್ತದೆ. ಗಾರೆ ಮುಚ್ಚುವ ಮೊದಲು ಕೈಪಂಪಿನಿಂದ ಒತ್ತಡ ಕೊಟ್ಟು, ಅದರ ಮೀಟರಿನ ಮುಳ್ಳು ಇಳಿಯುತ್ತದಾ ಅಂತ ಒಂದೆರಡು ಗಂಟೆ ನೋಡಿ. ಹೊರಗಿನ ಪೈಪಿಗೆ ಮೂರಡಿಗೊಂದು ಕ್ಲ್ಯಾಂಪ್ ಹಾಕಿಸಿ. ಬಿಸಿಲಿಗೆ ಪೈಪ್ ಗಡುಸಾಗದಿರಲಿ ಅಂತ ಗೋಡೆಗೆ ಹೊಡೆಯುವ ಎಮಲ್ಷನ್ ಬಣ್ಣ ಬಳಿಸಿ. ಎಣ್ಣೆ ಬಣ್ಣ ಬೇಡ, ಅದು ಸಿಪಿವಿಸಿಗೆ ಆಗಿಬರಲ್ಲ.

ಕೊನೇದಾಗಿ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹಳೇ ಮನೆಗಳಲ್ಲಿ ಕರೆಂಟಿನ ಅರ್ಥ್ ವೈರನ್ನು ನೀರಿನ ಕಬ್ಬಿಣದ ಪೈಪಿಗೇ ಕಟ್ಟಿರುವುದು ಉಂಟು. ಆ ಪೈಪ್ ಕತ್ತರಿಸಿ ಪ್ಲಾಸ್ಟಿಕ್ ಹಾಕಿದ ಕೂಡಲೇ ಮನೆಗೆ ಅರ್ಥಿಂಗ್ ಇಲ್ಲದಂತಾಗುತ್ತದೆ. ಗೀಸರ್ ಇದ್ದರಂತೂ ಜೀವಕ್ಕೇ ಅಪಾಯ. ಪೈಪ್ ಮುಟ್ಟುವ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ನೋಡಿಸಿ, ಬೇರೆ ಅರ್ಥ್ ಗುಂಡಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆಗೆ ಹೋದ ವರ್ಷ ಸೋಲಾರ್ ಹಾಕಿಸಿದೆವು. ಸೋಲಾರ್‌ನಿಂದ ಬಚ್ಚಲಿಗೆ ಬಿಳಿ ಪೈಪ್ ಎಳೆದಿದ್ದಾರೆ. ಈಗ ಅದು ಜೋಲಿಯ ಹಾಗೆ ಬಗ್ಗಿದೆ, ಒಂದು ಜಾಯಿಂಟ್ ಸೋರುತ್ತಿದೆ. ಎಂ-ಸೀಲ್ ಹಚ್ಚಿದರೆ ಸಾಕಾ ಅಣ್ಣಾ?
ಗೃಹಿಣಿ, ಹಾಸನ

ಉತ್ತರ: ಸಾಕಾಗಲ್ಲ ತಂಗಿ. ಅದು ಯುಪಿವಿಸಿ, ತಣ್ಣೀರಿನ ಪೈಪು. ಬೇಸಿಗೆಯಲ್ಲಿ ಎರಡು ದಿನ ಬಿಸಿನೀರು ಬಳಸದೆ ಊರಿಗೆ ಹೋದರೆ ಸೋಲಾರ್ ಟ್ಯಾಂಕಿನ ನೀರು 80 ಡಿಗ್ರಿ ದಾಟಬಹುದು. ಆ ಬಿಸಿಗೆ ಯುಪಿವಿಸಿ ಮೆತ್ತಗಾಗಿ ಬಗ್ಗುತ್ತದೆ. ಒಂದು ಸಲ ಬಗ್ಗಿದ ಮೇಲೆ ಜಾಯಿಂಟ್ ನಿಲ್ಲಲ್ಲ. ಕುದಿಯುವಷ್ಟು ಬಿಸಿ ನೀರು ಯಾರ ಮೈಮೇಲಾದರೂ ಬೀಳುವ ಮೊದಲು ಆ ಲೈನ್ ಪೂರ್ತಿ ತೆಗೆಸಿಬಿಡಿ.

ಬದಲಿಗೆ ಸಿಪಿವಿಸಿಯಲ್ಲೇ ಎಸ್‌ಡಿಆರ್ 11 ಅಂತ ಅಚ್ಚಾಗಿರುವುದನ್ನು ತನ್ನಿ. ಎಸ್‌ಡಿಆರ್ ಅಂದರೆ ಪೈಪಿನ ಹೊರ ಅಗಲ ಅದರ ದಪ್ಪದ ಎಷ್ಟು ಪಟ್ಟು ಅನ್ನೋ ಲೆಕ್ಕ. ಎಸ್‌ಡಿಆರ್ 13.5 ಅಂತಲೂ ಬರುತ್ತದೆ, ಅದು ತೆಳು. ಬಿಸಿನೀರಿಗೆ 11 ಇರಲಿ. ಸಿಪಿವಿಸಿ ತಡೆಯುವ ಒತ್ತಡ ಕೂಡ 82 ಡಿಗ್ರಿ ಬಿಸಿಯಲ್ಲಿ ತಣ್ಣೀರಿನಲ್ಲಿ ಇದ್ದುದರ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ದಪ್ಪದ ವಿಷಯದಲ್ಲಿ ಚೌಕಾಸಿ ಬೇಡ ಅನ್ನೋದು. ಬಿಸಿಗೆ ಪೈಪ್ ಉದ್ದವೂ ಆಗುತ್ತದೆ. 10 ಮೀಟರ್ ಪೈಪು 50 ಡಿಗ್ರಿ ಬಿಸಿ ಏರಿದರೆ ಸುಮಾರು 3 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ ಕ್ಲ್ಯಾಂಪನ್ನು ಪೈಪ್ ಹಿಸುಕುವ ಹಾಗೆ ಬಿಗಿಯಬಾರದು, ಜಾರೋಕೆ ಬಿಡಬೇಕು. ಉದ್ದ ಲೈನಲ್ಲಿ ಒಂದು ಕಡೆ ಎಲ್ಬೋ ಹಾಕಿ ಯು ಆಕಾರದಲ್ಲಿ ಬಳಸಿ ತರಬೇಕು. ಟ್ಯಾಂಕಿನ ಮೇಲೆ ಗಾಳಿ ಹೋಗುವ ಪೈಪ್ ಇದೆಯಾ ಅಂತಲೂ ನೋಡಿ, ಅದನ್ನು ಯಾರೂ ಮುಚ್ಚಿರಬಾರದು. ಜಿಐ ಹಾಕೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ನೀರು 60 ಡಿಗ್ರಿ ದಾಟಿದರೆ ಸತು ಕಬ್ಬಿಣವನ್ನು ಕಾಯುವುದನ್ನೇ ನಿಲ್ಲಿಸಿಬಿಡಬಹುದು.

ಪ್ರಶ್ನೆ: ಬೆಳಗ್ಗೆ ನಲ್ಲಿ ಬಿಟ್ಟರೆ ಕೆಂಪು ನೀರು ಬರುತ್ತದೆ. ಪುರಸಭೆ ನೀರೇ ಹಾಗೆ ಅಂತಾರೆ ಓನರ್. ನಿಜವಾ?
ಬಾಡಿಗೆದಾರ, ಸಕಲೇಶಪುರ

ಉತ್ತರ: ನೀವೇ ನೋಡಬಹುದು. ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಒಂದು ಬಿಳಿ ಬಕೆಟ್ ಇಟ್ಟು ನಲ್ಲಿ ಬಿಡಿ. ಒಂದೆರಡು ನಿಮಿಷದಲ್ಲಿ ತಿಳಿಯಾದರೆ ರಾತ್ರಿಯೆಲ್ಲ ಮನೆಯ ಪೈಪಿನಲ್ಲಿ ನಿಂತ ನೀರಿಗೆ ತುಕ್ಕು ಬಿಟ್ಟಿದೆ ಅಂತ ಅರ್ಥ. ಎಷ್ಟು ಬಿಟ್ಟರೂ ಕೆಂಪೇ ಇದ್ದರೆ ಟ್ಯಾಂಕ್ ಹತ್ತಿ ನೋಡಿ. ಆಮೇಲೆ ನೀರು ಬಿಡುವ ಹೊತ್ತಿಗೆ ರಸ್ತೆ ಲೈನಿನಿಂದ ನೇರ ಬರುವ ನಲ್ಲಿಯಲ್ಲಿ ಒಂದು ಗಾಜಿನ ಲೋಟ ಹಿಡಿಯಿರಿ. ಅಲ್ಲಿ ತಿಳಿಯಾಗಿದ್ದರೆ ತೊಂದರೆ ಮನೆ ಒಳಗೇ ಇದೆ. ಎರಡೂ ಕಡೆಯ ನೀರಿನ ಫೋಟೋ ತೆಗೆದು ಓನರ್‌ಗೆ ತೋರಿಸಿ. ಅಲ್ಲಿಯ ತನಕ ಕುಡಿಯೋಕೆ, ಅಡುಗೆಗೆ ಮೊದಲ ಬಕೆಟ್ ನೀರು ಬೇಡ, ಗಿಡಕ್ಕೆ ಹಾಕಿ.

ಪ್ರಶ್ನೆ: ಮಗಳು ಅಳಿಯ ಅಮೆರಿಕದಲ್ಲಿ 1988ರಲ್ಲಿ ಕಟ್ಟಿದ ಮನೆ ಕೊಂಡಿದ್ದಾರೆ. ನೀರಿನ ಪೈಪ್ ಬೂದು ಬಣ್ಣದ ಪ್ಲಾಸ್ಟಿಕ್ ಅಂತೆ. ಬೇಗ ಬದಲಾಯಿಸಿ ಅಂತ ಅಲ್ಲಿ ಯಾರೋ ಹೆದರಿಸಿದ್ದಾರೆ. ಒಂದು ಸಲವೂ ಸೋರದ ಪೈಪನ್ನು ಯಾಕೆ ಬದಲಾಯಿಸಬೇಕು?
ತಾಯಿ, ಚಿಕ್ಕಮಗಳೂರು

ಉತ್ತರ: ಅಮ್ಮಾ, ಈ ವಿಷಯದಲ್ಲಿ ಹೆದರಿಸಿದವರು ಒಳ್ಳೆಯದನ್ನೇ ಮಾಡಿದ್ದಾರೆ. ಅದು ಪಾಲಿಬ್ಯುಟಿಲೀನ್ ಇರಬಹುದು. ಅಲ್ಲಿ 1978ರಿಂದ 1995ರ ತನಕ ಕಟ್ಟಿದ ಎಷ್ಟೋ ಮನೆಗಳಿಗೆ ಅದನ್ನೇ ಹಾಕಿದ್ದರು. ಅಗ್ಗ, ಬಗ್ಗಿಸಿ ಹಾಕೋಕೆ ಸುಲಭ. ಆದರೆ ನೀರಿಗೆ ಹಾಕುವ ಕ್ಲೋರಿನ್ ಅದನ್ನು ಒಳಗಿನಿಂದ ಗಡುಸು ಮಾಡುತ್ತಾ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ನಮ್ಮ ಜಿಐ ಮೊದಲು ಹನಿ ಹನಿಯಾಗಿ ಸೋರಿ ಎಚ್ಚರಿಸುತ್ತದೆ. ಇದು ಹಾಗಲ್ಲ, ಹೊರಗೆ ಚೆನ್ನಾಗಿ ಕಾಣುತ್ತಿದ್ದು ಒಂದು ದಿನ ಒಡೆದು ಮನೆ ತುಂಬ ನೀರು ಮಾಡಬಹುದು. ಇದರ ಮೇಲೆ ಅಲ್ಲಿ ದೊಡ್ಡ ಕೇಸೇ ನಡೆದು, 1995ರಲ್ಲಿ 95 ಕೋಟಿ ಡಾಲರಿನ ರಾಜಿ ಆಯಿತು. ಆ ಪರಿಹಾರ ಕೇಳುವ ಗಡುವು ಮುಗಿದು ವರ್ಷಗಳಾದವು.

ವಾಟರ್ ಹೀಟರ್ ಹತ್ತಿರ ಪೈಪಿನ ಮೇಲೆ ಪಿಬಿ2110 ಅಂತ ಬರೆದಿದೆಯಾ ನೋಡೋಕೆ ಹೇಳಿ. ಇದ್ದರೆ ಅದೇ. ಲೈಸೆನ್ಸ್ ಇರುವ ಪ್ಲಂಬರ್ ಕರೆಸಿ, ತೇಪೆ ಬೇಡ, ಪೂರ್ತಿ ಪೆಕ್ಸ್ ಅನ್ನೋ ಪ್ಲಾಸ್ಟಿಕ್ ಪೈಪಿಗೆ ಅಥವಾ ತಾಮ್ರಕ್ಕೆ ಬದಲಾಯಿಸಲಿ. ಅಲ್ಲಿನ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು, ಒಳಗೆ ಟೊಳ್ಳು. ಪೆಕ್ಸ್ ಬಳುಕುವ ಪೈಪಾದ್ದರಿಂದ ಅಲ್ಲಲ್ಲಿ ಸಣ್ಣ ಕಿಂಡಿ ಮಾಡಿ ತೂರಿಸಿಬಿಡಬಹುದು, ನಮ್ಮ ಇಟ್ಟಿಗೆ ಗೋಡೆಯಷ್ಟು ಕಷ್ಟ ಇಲ್ಲ. ಮನೆಯ ಇನ್ಶೂರೆನ್ಸ್ ಕಾಗದವನ್ನೂ ತೆಗೆದು ಓದಲಿ, ಈ ಪೈಪ್ ಇರುವ ಮನೆಗೆ ಇನ್ಶೂರೆನ್ಸ್ ಕೊಡೋಕೆ ಹಿಂದೆಮುಂದೆ ನೋಡುವ ಕಂಪನಿಗಳಿವೆ. ಕೆಲಸ ಆಗುವ ತನಕ ಒಂದು ರಾತ್ರಿ ಹೊರಗೆ ಉಳಿಯುವುದಾದರೂ ಮೇನ್ ವಾಲ್ವ್ ಮುಚ್ಚಿಯೇ ಹೋಗಲಿ. ಆ ವಾಲ್ವ್ ಎಲ್ಲಿದೆ, ಕೈಯಲ್ಲಿ ತಿರುಗುತ್ತದಾ ಅಂತ ಇವತ್ತು ಫೋನ್ ಮಾಡಿದಾಗಲೇ ಕೇಳಿ.